ಜಗಲಿಯಲ್ಲಿ ನಿಂತ ಧರ್ಮತಂದೆ

ಹೋದ ತಿಂಗಳು ನೈರೋಬಿಯ ವೆಸ್ಟ್‌ಲ್ಯಾಂಡ್ಸಿನ ಬ್ಯಾಂಕೊಂದರಲ್ಲಿ ಸರದಿಗಾಗಿ ಕುಳಿತಿದ್ದಾಗ, ಆಗಷ್ಟೇ ಉಜ್ಜಿದ್ದ ನೆಲದಿಂದ ಮೇಣದ ವಾಸನೆ ಎದ್ದಿತು. ಅರವತ್ತು ವರ್ಷಗಳಾಚೆಯ ಕ್ರೈಸ್ತ ದೇವಾಲಯವೊಂದರ ಕೆಂಪು ನೆಲವೂ, ಅದರ ಮೇಲೆ ಮೊಣಕಾಲೂರಿ ಬಟ್ಟೆಯಾಡಿಸುತ್ತಿದ್ದ ಒಬ್ಬ ಹಿರಿಯರೂ ಕಣ್ಣೆದುರು ಬಂದರು...

ಅದು ಬಿಳಿಯರ ಆಳ್ವಿಕೆಯ ಕೊನೆಯ ಕಾಲ. ಮಂಗಳೂರಿನಿಂದ ಬಂದು ನೈರೋಬಿಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ನನಗೂ ನನ್ನ ಪತ್ನಿಗೂ ಆ ದೇವಾಲಯದಲ್ಲಿ ಹಿಂದಿನ ಬೆಂಚು; ಮುಂದಿನವೆಲ್ಲ ಬಿಳಿಯರಿಗೆ. ಆಫ್ರಿಕನ್ನರಿಗೆ ಹೊರಗಿನ ಜಗಲಿ. ವಾರವಿಡೀ ಆ ನೆಲವನ್ನು ಉಜ್ಜುತ್ತಿದ್ದ ಹಿರಿಯರು ಭಾನುವಾರ ಅದರ ಮೇಲೆ ಕಾಲಿಡುವಂತಿರಲಿಲ್ಲ. ನಮ್ಮವರೂ ಅವರನ್ನು ‘ಬಾಯ್’ ಎಂದೇ ಕೂಗುತ್ತಿದ್ದರು. ನಾನು ಮಾತ್ರ, ಹಿರಿಯರಿಗೆ ಸಲ್ಲುವ ಸ್ವಾಹಿಲಿ ಮಾತಿನಿಂದ, ‘ಮ್ಜೇ’ ಎನ್ನುತ್ತಿದ್ದೆ.

ನನಗೆ ಸ್ವಾಹಿಲಿ ಕಲಿಸಿದವರೂ ಅವರೇ. ಕರ್ತನ ಪ್ರಾರ್ಥನೆಯನ್ನು ಒಪ್ಪಿಸುವಾಗ ಒಮ್ಮೆ ‘ನಮ್ಮ ತಂದೆಯೇ’ ಎನ್ನಬೇಕಾದಲ್ಲಿ ‘ಬಾಬಾ ಯಾಂಗು’, ಅಂದರೆ ‘ನನ್ನ ತಂದೆಯೇ’ ಎಂದುಬಿಟ್ಟೆ. ಅವರು ಬಟ್ಟೆ ಕೆಳಗಿಟ್ಟು ನಕ್ಕರು.

“ಯಾಂಗು ಅಲ್ಲ ಮೇಷ್ಟ್ರೇ, ಯೆಟು. ಉಳಿದ ಮಕ್ಕಳನ್ನೆಲ್ಲ ಎಲ್ಲಿ ಬಿಟ್ಟು ಬಂದಿರಿ?”

ಮಗಳು ಹುಟ್ಟಿದಾಗ ಪತ್ನಿ ಜ್ವರದಿಂದ ಹಾಸಿಗೆ ಹಿಡಿದಳು. ಬಂಧುಗಳಿಲ್ಲದ ಆ ಊರಿನಲ್ಲಿ ದಿನವೂ ನೀರು, ಸೌದೆ ಹೊತ್ತು ತಂದವರು ಮ್ಜೇ. ದೀಕ್ಷಾಸ್ನಾನದ ದಿನ ಮಗುವನ್ನೆತ್ತಿ ನಿಲ್ಲುವ ಧರ್ಮತಂದೆ ಅವರೇ ಆಗಬೇಕೆಂದು ಅವಳು ಪಟ್ಟು ಹಿಡಿದಳು.

ವಿಷಯ ತಿಳಿದ ನಮ್ಮೂರಿನವರೊಬ್ಬರು ಮನೆಗೇ ಬಂದರು. “ತಲೆ ಸಮ ಉಂಟಾ ಮಾಷ್ಟ್ರೇ? ನಾಳೆ ಈ ಹುಡುಗಿಯನ್ನು ಕೇಳಿಕೊಂಡು ಯಾರು ಬರ್ತಾರೆ?”

ಒಳಗಿನಿಂದ ಪತ್ನಿ, “ಮೊದಲು ಅವಳಿಗೆ ಹಲ್ಲು ಬರ್ಲಿ ಅಣ್ಣಾ,” ಎಂದಳು.

ಆ ಭಾನುವಾರ ಮ್ಜೇ ಮಗುವನ್ನೆತ್ತಿಕೊಂಡು ಹೊಸ್ತಿಲಿಗೆ ಬಂದಾಗ, ಬಾಗಿಲು ಕಾಯುತ್ತಿದ್ದ ಬಿಳಿಯನೊಬ್ಬನು ಕೈ ಅಡ್ಡ ಹಿಡಿದನು. ನನಗೆ ಕೆಲಸ ಹೋದೀತೆಂಬ ಭಯ, ಬಾಯಿ ತೆರೆಯಲಿಲ್ಲ. ಮ್ಜೇ ನಿಂತಲ್ಲೇ ಕಣ್ಣು ಮುಚ್ಚಿ ‘ಬಾಬಾ ಯೆಟು’ ಎಂದು ಆರಂಭಿಸಿದರು. ಜಗಲಿಯವರೆಲ್ಲ ದನಿಗೂಡಿಸಿದರು. ಒಳಗಿದ್ದ ಸಭಾಪಾಲಕರು ನೀರಿನ ಬಟ್ಟಲನ್ನೆತ್ತಿಕೊಂಡು, ಬೆಂಚುಗಳ ನಡುವೆ ನಡೆದು ಜಗಲಿಗೇ ಬಂದರು. ನನ್ನ ಮಗಳಿಗೆ ದೀಕ್ಷಾಸ್ನಾನವಾದದ್ದು ಮ್ಜೇಯವರ ತೋಳುಗಳಲ್ಲಿ. ಬಾಲ್ಯದಿಂದ ಬಾಯಿಪಾಠವಾಗಿದ್ದ ಪ್ರಾರ್ಥನೆಯು ನನಗೆ ಪ್ರಾರ್ಥನೆಯಾದದ್ದೂ ಆ ದಿನವೇ.

ಮುಂದಿನ ವಾರ ನೆಲ ಉಜ್ಜಲು ಬೇರೊಬ್ಬರಿದ್ದರು. ಮ್ಜೇ ಎಲ್ಲಿಗೆ ಹೋದರೆಂದು ಯಾರೂ ಹೇಳಲಿಲ್ಲ... ಹುಡುಕಿದೆ, ಸಾಕಷ್ಟು ಹುಡುಕಿದೆನೆಂದು ಹೇಳಲಾರೆ.

ಬ್ಯಾಂಕಿನಿಂದ ನೇರವಾಗಿ ಆ ದೇವಾಲಯಕ್ಕೆ ಹೋಗಿ ಹಳೆಯ ದಾಖಲೆ ಪುಸ್ತಕವನ್ನು ತೆಗೆಸಿದೆ. ಈಗ ಅಲ್ಲಿ ಯಾರು ಎಲ್ಲಿ ಬೇಕಾದರೂ ಕುಳಿತುಕೊಳ್ಳುತ್ತಾರೆ. ಮಗಳ ಹೆಸರಿನ ಎದುರು ಧರ್ಮತಂದೆಯ ಜಾಗ ಖಾಲಿಯಿತ್ತು. ಬರೆದುಕೊಡಿ ಎಂದು ಕೇಳಹೊರಟವನು ಹಾಗೆಯೇ ನಿಂತೆ. ಮ್ಜೇ ಎನ್ನುವುದೇ ಗೌರವವೆಂದುಕೊಂಡಿದ್ದ ನಾನು ಅವರ ಹೆಸರನ್ನು ಎಂದೂ ಕೇಳಿರಲಿಲ್ಲ.

ಪ್ರತಿ ಮುಂಜಾನೆ ಅವರಿಗಾಗಿ ದೇವರಿಗೆ ವಂದನೆ ಸಲ್ಲಿಸುವಾಗ, ಹೆಸರು ಬರಬೇಕಾದಲ್ಲಿ ಒಂದು ಕ್ಷಣ ಸುಮ್ಮನಾಗುತ್ತೇನೆ. ಕರ್ತನಿಗೆ ಗೊತ್ತಿದೆ.