ಗಾಳಿ ಆರಿಸಿದ ತೆನೆಗಳು

ನಾಗಮಂಗಲದ ಹೊರಗೆ ಬಸ್ಸು ಕೆಟ್ಟು ನಿಂತಿತು. ಇಳಿದು ಪಕ್ಕದ ರಾಗಿ ಹೊಲದ ಬದುವಿನ ಮೇಲೆ ಕುಳಿತೆ. ಹಿಂದಿನ ವಾರದ ಗಾಳಿಮಳೆಗೆ ಮುಕ್ಕಾಲು ಪಾಲು ಪೈರು ನೆಲಕಚ್ಚಿತ್ತು. ಆ ಹೊಲದ ಒಡತಿ ಜಯಮ್ಮ ಮತ್ತು ಅವರ ಗಂಡ ಚಿಕ್ಕಣ್ಣ ಮುಂದಿನ ವರ್ಷದ ಬಿತ್ತನೆಗೆ ತೆನೆ ಆರಿಸುತ್ತಿದ್ದರು. ಚಿಕ್ಕಣ್ಣ ಬಿದ್ದ ಪೈರಿನಲ್ಲೇ ದಪ್ಪ ತೆನೆಗಳನ್ನು ಹುಡುಕಿ ಕೊಯ್ದರು. ಜಯಮ್ಮ ಮಾತ್ರ ಬೀಳದೆ ನಿಂತ ಪೈರಿನ ಸಣ್ಣ ತೆನೆಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು.

"ಅಷ್ಟು ಸಣ್ಣವು ಯಾಕಮ್ಮೀ?" ಎಂದು ಚಿಕ್ಕಣ್ಣ ಕೇಳಿದರು.

"ನಾವು ದಪ್ಪ ನೋಡಿ ಆರಿಸ್ದೋ, ಗಾಳಿ ಗಟ್ಟಿ ನೋಡಿ ಆರಿಸ್ತು. ಈ ಸಲ ಅದು ಆರ್ಸಿದ್ದನ್ನೇ ಬಿತ್ತವ."

ಚಿಕ್ಕಣ್ಣ ಕೈಯಲ್ಲಿದ್ದ ತೆನೆಗಳನ್ನು ಸವರುತ್ತ ನಿಂತರು. "ನಮ್ಮಪ್ಪ ಆರಿಸಿ ಆರಿಸಿ ಉಳಿಸಿದ್ ತಳಿ ಕಣಮ್ಮೀ. ಪೂರಾ ಬುಟ್ಬುಡಾದಾ?"

"ಬುಡಾದ್ಯಾಕೆ? ಬ್ಯಾರೆ ಗಂಟು ಕಟ್ಟಿ. ಆ ಮೂಲೇಲಿ ಅದ್ನೂ ಒಂದೀಟು ಬಿತ್ತವ," ಎಂದ ಜಯಮ್ಮ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಗಂಡನ ಕೈಗಿತ್ತರು.