ಕಪ್ಪು ಚುಕ್ಕೆ ತುಂಬಿದ ದಿನ

ನನ್ನ ಓರಗಿತ್ತಿ ಇಪ್ಪತ್ತೆರಡು ವರ್ಷದಿಂದ ಒಂದು ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗಳನ್ನು ತೊಳೆಯುತ್ತಾಳೆ. ಆಮ್ಲದಲ್ಲಿ ಅದ್ದಬೇಕು, ಹತ್ತು ಸಲ ನೀರಿನಲ್ಲಿ ಜಾಲಿಸಬೇಕು. ಅಲ್ಲಿ ಎಲ್ಲರಿಗೂ ಅವಳು ಗಾಜಕ್ಕ. ಮನೆಯ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುವ ಚಾಳಿ. "ಕೈಗೆ ಸಿಕ್ಕಿದ್ರೆ ಚಂದ್ರನ ಕಲೆನೂ ಉಜ್ಜಿಬಿಡ್ತಾಳೆ" ಎಂದು ನನ್ನ ಮೈದುನ, ಅಂದರೆ ಅವಳ ಗಂಡ, ರೇಗಿಸುತ್ತಾನೆ.

ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ಅಣುಗಳ ಪೊರೆಯಿದೆಯಂತೆ. ಅವಳು ತೊಳೆದ ಗಾಜಿನ ಮೇಲೆ ಅಂಥದ್ದೇ ಮಾದರಿ ಪೊರೆಯನ್ನು ಹರಡುತ್ತಾರೆ. ದಪ್ಪ ಎರಡೇ ಅಣು. ಆ ಅಣುಗಳು ಸಂತೆಯ ಜನರಂತೆ ಒಂದರ ಪಕ್ಕ ಒಂದು ಜಾರಿಕೊಂಡು ಸದಾ ಓಡಾಡುತ್ತಿರುತ್ತವೆ. ಓಡಾಟ ಅಳೆಯಲು ಹೊಳೆಯುವ ಬಣ್ಣ ಬೆರೆಸಿ, ಒಂದೆಡೆ ತೀಕ್ಷ್ಣ ಬೆಳಕು ಬಿಟ್ಟು ಬಣ್ಣ ಸುಡುತ್ತಾರೆ. ಕಪ್ಪು ಚುಕ್ಕೆ ಬೀಳುತ್ತದೆ. ಸುತ್ತಲಿನ ಹೊಳೆಯುವ ಅಣುಗಳು ಒಳಗೆ ಬಂದರೆ ಚುಕ್ಕೆ ನಿಮಿಷದೊಳಗೆ ಮಾಯ.

ಎರಡು ತಿಂಗಳಿಂದ ಮಾಯವಾಗುತ್ತಿರಲಿಲ್ಲ. ಪೊರೆ ಗಾಜಿಗೆ ಅಂಟಿಕೊಂಡು ಕೂತಿತ್ತು. ಶುಕ್ರವಾರದೊಳಗೆ ಆಗದಿದ್ದರೆ ಈ ಕೆಲಸ ಬಿಟ್ಟುಬಿಡು ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅಲ್ಲಿ ಸಂಶೋಧನೆ ಮಾಡುವ ಹುಡುಗಿಗೆ ಹೇಳಿದ್ದರು. ಅವಳ ಮೂರು ವರ್ಷದ ದುಡಿಮೆ ಅದು.

ಭಾನುವಾರ ನಾನು ಉಜ್ಜಿಕೊಟ್ಟ ತಟ್ಟೆಯನ್ನು ಓರಗಿತ್ತಿ ಜಾಲಿಸಿ ಎತ್ತಿ ಹಿಡಿದಳು. ನೀರು ಹಾಳೆಯಂತೆ ಇಳಿಯಿತು. ಅವಳ ಹೆಬ್ಬೆರಳು ತಗುಲಿದ ಕಡೆ ಮಾತ್ರ ಹನಿಹನಿಯಾಗಿ ನಿಂತಿತು.

"ಅಕ್ಕ, ನಿಮ್ಮ ಮುಲಾಮು ಹಚ್ಕೊಳ್ಳೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

ಅವಳ ಒಡೆದ ಕೈಗೆಂದು ಜೇನುಮೇಣ ಕಾಯಿಸಿ ಮಾಡಿಕೊಟ್ಟವಳು ನಾನೇ. ಬೆಳಿಗ್ಗೆ ಹಚ್ಚಿಕೊಂಡೇ ಹೋಗುತ್ತಿದ್ದಳು. ಆಮ್ಲಕ್ಕೆ ಕೈಗವಸು, ಕೊನೆಯ ನೀರಿಗೆ ಬರಿಗೈ.

"ಎರಡು ತಿಂಗಳು" ಎಂದೆ. ಇಬ್ಬರಿಗೂ ಅರ್ಥವಾಯಿತು: ಕೈಯ ಮೇಣ ಗಾಜಿಗೆ ಹತ್ತಿ ಪೊರೆ ಅಂಟಿಕೊಳ್ಳುತ್ತಿತ್ತು. "ಯಾರಿಗೂ ಹೇಳ್ಬೇಡ. ಸುಮ್ನೆ ಹಚ್ಚೋದು ಬಿಟ್ಬಿಡು." ಹಾಗೆಂದದ್ದಕ್ಕೆ ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ನಾಚಿಕೆಯಾಯಿತು.

"ಆ ಹುಡುಗಿ ತನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದಾಳಕ್ಕ" ಎಂದಷ್ಟೇ ಆಗ ಹೇಳಿದ್ದಳು ಓರಗಿತ್ತಿ.

ಸೋಮವಾರ ಎಲ್ಲರೆದುರು ಹೇಳಿಯೇಬಿಟ್ಟಳು.

"ಇಷ್ಟು ವರ್ಷ ಆದ್ಮೇಲೆ ಇಂಥ ತಪ್ಪಾ?" ಎಂದರು ಮೇಡಂ.

"ಹೌದು ಮೇಡಂ. ಇವತ್ತು ಮತ್ತೆ ತೊಳೀತೀನಿ. ನೋಡ್ಕೊಂಡು ಆಮೇಲೆ ಬೈಯಿರಿ."

ಕೈಗವಸು ಹಾಕಿಕೊಂಡೇ ತೊಳೆದಳು. ಒಂದೊಂದು ಗಾಜನ್ನೂ ಕಿಟಕಿಗೆ ಹಿಡಿದಳು. ಒಂದೇ ಒಂದು ಹನಿ ನಿಂತರೂ ಪಕ್ಕಕ್ಕಿಟ್ಟು ಮೊದಲಿಂದ ತೊಳೆದಳು.

ಮರುದಿನ ಹುಡುಗಿ ಅವಳನ್ನು ಕೈಹಿಡಿದು ಕರೆದೊಯ್ದು ಪರದೆಯ ಮುಂದೆ ಕೂರಿಸಿದಳು. ಹಸಿರು ಹೊಳಪಿನ ನಡುವೆ ಕಪ್ಪು ಚುಕ್ಕೆ ಬಿತ್ತು. ಚುಕ್ಕೆಯ ಅಂಚು ಮಸುಕಾಯಿತು, ನಡು ಬೂದುಬಣ್ಣವಾಯಿತು, ಆಮೇಲೆ ತಿಳಿಹಸಿರು. ನಲವತ್ತು ಸೆಕೆಂಡಿಗೆ ಚುಕ್ಕೆ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ. ಹುಡುಗಿ ಗಾಜಕ್ಕನ ಹೆಗಲಿಗೆ ತಲೆಯಿಟ್ಟು ಅತ್ತಳು, ನಕ್ಕಳು.

"ಬೈಯೋದು ಬಾಕಿ ಇದೆ ಮೇಡಂ."

"ಪುರುಸೊತ್ತಿಲ್ಲ. ಶುಕ್ರವಾರಕ್ಕೆ ಇನ್ನೂ ಐವತ್ತು ಗಾಜು ಬೇಕು."

ಐವತ್ತೂ ಕೊಟ್ಟಳು. ಐವತ್ತರಲ್ಲೂ ಚುಕ್ಕೆ ತುಂಬಿತು. ಈಗ ಅಲ್ಲಿ ಕಿಟಕಿಗೆ ಹಿಡಿದು ನೋಡದ ಗಾಜನ್ನು ಯಾರೂ ಬಳಸುವಂತಿಲ್ಲ. ಆ ನಿಯಮಕ್ಕೆ ಗಾಜಕ್ಕನ ಪರೀಕ್ಷೆ ಎಂದೇ ಹೆಸರು.

ಶುಕ್ರವಾರ ಸಂಜೆ ಬಂದವಳೇ ನನ್ನ ಮುಂದೆ ಕೂತು ಎರಡೂ ಅಂಗೈ ಚಾಚಿದಳು.

"ಈಗ ಹಚ್ಚಿ ಅಕ್ಕ. ನಾಳೆ ರಜೆ."