ಮಾರ್ತೀನಿ ಅಂದ ಮಾತು

ಪಾರವ್ವನ ಸಿಟ್ಟೆಲ್ಲ ಗಂಡನಿಗಿಂತ ಅವನ ಬಂದೂಕಿನ ಮೇಲೆ. ಬೈಲಹೊಂಗಲದ ಕಡೆಯಿಂದ ಪುಣೆಗೆ ಬಂದ ಚನ್ನವೀರ ಭೋಸರಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದ. ಸ್ವಂತ ಬಂದೂಕು, ಲೈಸೆನ್ಸು ಇದ್ದವನಿಗೆ ಪಗಾರ ಹೆಚ್ಚು ಎಂದು ಯಾರೋ ಹೇಳಿದ್ದೇ ತಡ, ಒಂದು ತಂದು ನಿಗಡಿ ಬಡಾವಣೆಯ ಚಾಳಿನಲ್ಲಿದ್ದ ತಮ್ಮ ಒಂಟಿ ಕೋಣೆಯ ಗೋಡೆಗೆ ತೂಗುಹಾಕಿದ. "ಕುಡಿಯೋ ಮನಷ್ಯಾಗ ಇದ್ಯಾಕ ಬೇಕು? ಮಾರಿಬಿಡ್ರಿ" ಎಂದು ಅವಳು ದಿನಾ ತಲೆ ತಿನ್ನುತ್ತಿದ್ದಳು. ಅವನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಕುಡಿಯದಿದ್ದರೆ ಚನ್ನವೀರನಂಥ ಒಳ್ಳೆಯವನಿಲ್ಲ. ಈ ಮಾತನ್ನು ನಮ್ಮ ಹೆಂಗಸರು ಇನ್ನೆಷ್ಟು ಗಂಡಸರ ಬಗ್ಗೆ ಹೇಳಬೇಕೋ! ಅವನ ಜೊತೆ ಕುಡಿಯಲು ಕೂರುತ್ತಿದ್ದವನು ಅದೇ ಕಾರ್ಖಾನೆಯ ಮಧುಕರ, ಶಿರೂರಿನ ಮರಾಠಿ ಮನುಷ್ಯ. ೧೯೯೬ರ ಒಂದು ಭಾನುವಾರ ಸಂಜೆ ಇಬ್ಬರೂ ಕುಡಿದು ಜಗಳಕ್ಕೆ ಬಿದ್ದರು. ಇಸ್ಪೀಟಿನಲ್ಲಿ ಯಾರು ಮೋಸ ಮಾಡಿದರು ಎಂಬುದಕ್ಕೆ ಜಗಳ, ಅಷ್ಟೇ. ಪಾರವ್ವ ನಡುವೆ ಬಂದು ಗೋಡೆಯ ಕಡೆ ಕೈ ತೋರಿಸಿ, "ಮೊದಲ ಅದನ್ನ ಮಾರ್ರಿ, ಇಲ್ಲಾಂದ್ರ ನಾ ತವರಿಗೆ ಹೋಗ್ತೀನಿ" ಎಂದಳು.

"ಮಾರ್ತೀನಿ! ನಾಳೆನ ಮಾರ್ತೀನಿ! ಬಾಯಿ ಮುಚ್ಚು!" ಎಂದು ಅವನು ಚಾಳಿನ ಸಾಲುಮನೆಗಳಿಗೆಲ್ಲ ಕೇಳುವಂತೆ ಕೂಗಿದ.

ಅವಳು ಮುನಿಸಿಕೊಂಡು ಹಿಟ್ಟಿನ ಗಿರಣಿಗೆ ಹೊರಟುಹೋದಳು. ಮರಳಿ ಬರುವಷ್ಟರಲ್ಲಿ ಮಧುಕರ ಹೊಸ್ತಿಲ ಮೇಲೆ ಸತ್ತು ಬಿದ್ದಿದ್ದ. ಚನ್ನವೀರ ಬಂದೂಕು ಹಿಡಿದುಕೊಂಡೇ ಕೂತಿದ್ದ. ಏನಾಯಿತೆಂದು ಕೇಳಿದರೆ, "ನನಗ ನೆನಪಿಲ್ಲ" ಎಂದ. ಪೊಲೀಸರಿಗೂ ಕೋರ್ಟಿಗೂ ಅದನ್ನೇ ಹೇಳಿದ.

ಜೀವಾವಧಿ ಶಿಕ್ಷೆಯಾಯಿತು. ಸರಕಾರ ಕೊಟ್ಟ ವಕೀಲ ಹೈಕೋರ್ಟಿಗೆ ಅಪೀಲು ಹಾಕಿ ಕೈ ತೊಳೆದುಕೊಂಡ. ಪಾರವ್ವ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುತ್ತ, ಯೆರವಡಾ ಜೈಲಿಗೆ ಅಲೆಯುತ್ತ ವರ್ಷಗಳನ್ನು ಕಳೆದಳು. ತನ್ನ ಗಂಡ ಕುಡುಕನಿರಬಹುದು, ಕೊಲೆಗಾರನಲ್ಲ ಎಂಬುದೊಂದೇ ಅವಳ ಉಸಿರು. ಆದರೆ ಅದನ್ನು ಯಾರ ಮುಂದೆ, ಹೇಗೆ ಹೇಳಬೇಕೆಂದು ತಿಳಿಯದೆ ಒಳಗೊಳಗೇ ಬೆಂದಳು.

ಪಕ್ಕದ ಮನೆಯ ಶಾಮಲಾಬಾಯಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ದಿನದಿಂದ ಪಾರವ್ವನೊಂದಿಗೆ ಮಾತು ಬಿಟ್ಟಿದ್ದಳು; ಏನು ಸಾಕ್ಷಿ ಹೇಳಿದಳೆಂದು ಪಾರವ್ವನಿಗೆ ಯಾರೂ ತಿಳಿಸಿರಲಿಲ್ಲ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ತಡೆಯಲಾರದೆ ಮರಾಠಿಯಲ್ಲಿ ಹೇಳಿಬಿಟ್ಟಳು: "ನನ್ನ ಮೇಲೆ ಸಿಟ್ಟಾಗಬೇಡ ಪಾರವ್ವ. ಕೇಳಿದ್ದನ್ನೇ ಹೇಳಿದೆ. ಮಾರ್ತೀನ್, ಮಾರ್ತೀನ್ ಅಂತ ಮತ್ತೆ ಮತ್ತೆ ಕೂಗಿ ಗುಂಡು ಹೊಡೆದ."

ಪಾರವ್ವ ನಲ್ಲಿ ಬಂದ್ ಮಾಡುವುದನ್ನೂ ಮರೆತಳು. ಮರಾಠಿಯಲ್ಲಿ ಮಾರುವುದೆಂದರೆ ಹೊಡೆಯುವುದು, ಕೊಲ್ಲುವುದು. ಕನ್ನಡದಲ್ಲಿ ಬಂದೂಕು ಮಾರುತ್ತೇನೆ ಎಂದದ್ದು ಶಾಮಲಾಬಾಯಿಯ ಕಿವಿಗೆ ಕೊಲ್ಲುತ್ತೇನೆ ಎಂದು ಬಿದ್ದಿತ್ತು. ಜಡ್ಜ್ ಸಾಹೇಬರೂ ಹಾಗೇ ತಿಳಿದುಕೊಂಡಿದ್ದರು.

ಹುಡುಕಾಡಿ ಕಂಡುಕೊಂಡ ಹೊಸ ವಕೀಲೆ ನೀಲಿಮಾ ಧಾರವಾಡದವರ ಮಗಳು. ಮಾತು ಮುಗಿಯುವ ಮೊದಲೇ ಅವಳಿಗೆ ಅರ್ಥವಾಯಿತು.

"ಅಯ್ಯ, ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ರಿ, ಬಾಯಾರ."

ಹೈಕೋರ್ಟು ಪಾರವ್ವನ ಸಾಕ್ಷಿ ತೆಗೆದುಕೊಳ್ಳಲು ಒಪ್ಪಿತು. ಅವಳು ದೇವರಾಣೆ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ೨೦೦೪ರಲ್ಲಿ ತೀರ್ಪು ಬಂತು: ಕೊಲ್ಲುವ ಉದ್ದೇಶವಿತ್ತೆಂಬುದಕ್ಕೆ ಪುರಾವೆ ಇಲ್ಲ, ಇಲ್ಲಿಯವರೆಗೆ ಅನುಭವಿಸಿದ ಶಿಕ್ಷೆಯೇ ಸಾಕು. ಹೊರಗಿನ ಬೆಂಚಿನ ಮೇಲೆ ಮಧುಕರನ ಹೆಂಡತಿ ದೀಪಾಲಿ ಒಬ್ಬಳೇ ಕೂತಿದ್ದಳು. ಇಷ್ಟು ವರ್ಷ ಅವಳ ಮುಖ ನೋಡಲು ಅಂಜುತ್ತಿದ್ದ ಪಾರವ್ವ ಅಂದು ಹತ್ತಿರ ಹೋಗಿ, ತನ್ನ ಹರಕುಮುರುಕು ಮರಾಠಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ದೀಪಾಲಿ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ಹಾಗಾದರೆ ಗೆಳೆಯನೇ ದ್ವೇಷದಿಂದ ಕೊಲ್ಲಲಿಲ್ಲ. ನನಗಿಷ್ಟು ಸಾಕು, ವೈನಿ" ಎಂದು ಅತ್ತಿಗೆಯನ್ನು ಕರೆಯುವ ಹಾಗೆ ಕರೆದು ಹೇಳಿದಳು. ಬರುವ ಭಾನುವಾರ ಶಿರೂರಿಗೆ ಊಟಕ್ಕೆ ಕರೆದಳು.

ಬಿಡುಗಡೆಯಾಗಿ ಮನೆಗೆ ಬಂದ ಗಂಡನಿಗೆ ಪಾರವ್ವ ರೊಟ್ಟಿ, ಎಣ್ಣೆಗಾಯಿ ಮಾಡಿ ಬಡಿಸಿದಳು. ಜಡ್ಜರ ಮುಂದೆ ತಾನು ಹೇಗೆ ಹೇಳಿದೆ, ದೀಪಾಲಿ ಹೇಗೆ ಅತ್ತಳು, ಎಲ್ಲವನ್ನೂ ಹಿಗ್ಗಿನಿಂದ ಹೇಳುತ್ತಲೇ ಇದ್ದಳು. ಚನ್ನವೀರ ರೊಟ್ಟಿ ಮುರಿದವನು ತುತ್ತು ಎತ್ತಲಿಲ್ಲ.

"ಪಾರವ್ವ, ನನಗ ಎಲ್ಲಾ ನೆನಪದ" ಎಂದ. "ನಿನಗ ಅಂದದ್ದು ಕನ್ನಡದಾಗ, ಖರೆ. ನೀ ಹ್ವಾದ ಮ್ಯಾಲ ಅಂವ ನಕ್ಕ. ಹೇಣ್ತಿಗೆ ಹೆದರತಿ ಅಂದ. ಆಮ್ಯಾಲ ಅದ ಮಾತ ಅಂವಗ ಕೂಗಿದೆ. ಅಂವನ ಜೋಡಿ ನಾ ಯಾವತ್ತರ ಕನ್ನಡ ಮಾತಾಡೇನೇನು?"

ಪಾರವ್ವ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. ತಾನು ಕೋರ್ಟಿನಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ದೀಪಾಲಿ ಹಿಡಿದುಕೊಂಡಿದ್ದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸಂಕಟಪಟ್ಟಳು.

ಭಾನುವಾರ ಅವಳು ಶಿರೂರಿಗೆ ಹೋಗಲಿಲ್ಲ. ಜ್ವರ ಬಂದಿದೆ ಎಂದು ಅಂಗಡಿಯವನಿಂದ ಫೋನು ಮಾಡಿಸಿದಳು. ದೀಪಾಲಿ ಮರುದಿನವೇ ಬಸ್ಸು ಹಿಡಿದು, ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ನಿಗಡಿಗೆ ಬಂದುಬಿಟ್ಟಳು. ಬಾಗಿಲು ತೆರೆದವನು ಚನ್ನವೀರ.

"ವೈನಿಗೆ ಈಗ ಹೇಗಿದೆ, ಭಾವೋಜಿ?" ಎಂದು ಅವಳು ಎಂಟು ವರ್ಷಗಳ ಹಿಂದೆ ಕರೆಯುತ್ತಿದ್ದ ಹಾಗೆಯೇ ಕರೆದು ಕೇಳಿದಳು. ಒಳಗೆ ಪಾರವ್ವ ಹೊದಿಕೆ ಎಳೆದುಕೊಂಡು ಮುಖ ಮುಚ್ಚಿಕೊಂಡಳು.